ಮಾತಾಡದವರ ಲೆಕ್ಕ

ಸಿ.ಎ. ಓದುವಾಗ ನಾನು ಆರ್ಟಿಕಲ್‌ಶಿಪ್ ಮಾಡಿದ್ದು ಬೆಂಗಳೂರಿನ ಚಾಮರಾಜಪೇಟೆಯ ಒಂದು ಹಳೆಯ ಆಫೀಸಿನಲ್ಲಿ. ಮಾರ್ಚ್ ಮುಗಿಯಿತೆಂದರೆ ನಮ್ಮಂಥ ಹುಡುಗರಿಗೆ ಪತ್ರ ಕಳಿಸುವ ಕೆಲಸ ಶುರುವಾಗುತ್ತಿತ್ತು. ಕ್ಲೈಂಟಿನ ಪುಸ್ತಕದಲ್ಲಿ ಯಾರ್ಯಾರ ಹೆಸರಿನಲ್ಲಿ ಬಾಕಿ ಇದೆಯೋ ಅವರಿಗೆಲ್ಲ ಒಂದೊಂದು ಕಾಗದ: ‘ನಿಮ್ಮಿಂದ ಇಷ್ಟು ರೂಪಾಯಿ ಬರಬೇಕೆಂದು ನಮ್ಮ ಲೆಕ್ಕ ಹೇಳುತ್ತದೆ, ಸರಿಯೇ?’ ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಸರಿಯಿರಲಿ ತಪ್ಪಿರಲಿ, ಉತ್ತರ ಬರೆಯಲೇಬೇಕೆಂದು ಕೇಳುತ್ತೇವೆ. ಎರಡನೆಯದರಲ್ಲಿ ತಪ್ಪಿದ್ದರೆ ಮಾತ್ರ ತಿಳಿಸಿ ಎನ್ನುತ್ತೇವೆ. ಉತ್ತರ ಬಾರದಿದ್ದರೆ ಒಪ್ಪಿಕೊಂಡರೆಂದು ಅರ್ಥ. ಎರಡನೆಯದು ಸುಲಭ. ಅಂಚೆ ಖರ್ಚು ಬಿಟ್ಟರೆ ಇನ್ನೇನೂ ಇಲ್ಲ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಫೈಲು ಮುಚ್ಚಿಬಿಡಬಹುದು.

ಒಂದು ವರ್ಷ ಗೋಣಿಚೀಲದ ವ್ಯಾಪಾರಿಯೊಬ್ಬರ ಲೆಕ್ಕ ನೋಡುತ್ತಿದ್ದೆವು. ಅವರ ದೊಡ್ಡ ಬಾಕಿದಾರರಲ್ಲಿ ಒಬ್ಬರು ತಿಪಟೂರಿನ ಕೊಬ್ಬರಿ ಮಂಡಿಯವರು. ಎರಡನೆಯ ಬಗೆಯ ಪತ್ರ ಕಳಿಸಿದ್ದೆವು, ಉತ್ತರ ಬಂದಿರಲಿಲ್ಲ. ನಾನು ಎದುರಿಗೆ ಹಸಿರು ಪೆನ್ನಿನಲ್ಲಿ ಟಿಕ್ ಹಾಕಿದೆ. ನಮ್ಮ ಸಾರ್ ಅದನ್ನು ನೋಡಿ, ‘ನಿಮ್ಮೂರೇ ತಾನೆ ಅದು? ಭಾನುವಾರ ಹೋದಾಗ ಒಂದ್ಸಲ ನೋಡ್ಕೊಂಡು ಬಾ’ ಅಂದರು. ಹೋದೆ. ಮಂಡಿಯ ಷಟರ್ ಎಳೆದಿತ್ತು. ಪಕ್ಕದ ಅಂಗಡಿಯವರು, ‘ಯಜಮಾನ್ರು ಹೋಗಿ ಎಂಟು ತಿಂಗಳಾಯ್ತಲ್ಲಪ್ಪ, ಮಕ್ಕಳು ಯಾರೂ ಈ ಕಡೆ ಬರಲ್ಲ’ ಅಂದರು. ಬಗ್ಗಿ ನೋಡಿದರೆ ಷಟರಿನ ಕೆಳಗಿನ ಸಂದಿಯಲ್ಲಿ ಧೂಳು ಹಿಡಿದ ಲಕೋಟೆಗಳು. ಅವುಗಳಲ್ಲಿ ಒಂದರ ಮೇಲೆ ನನ್ನದೇ ಕೈಬರಹ.

ಸೋಮವಾರ ಸಾರ್‌ಗೆ ಹೇಳಿದಾಗ ಅವರು ನಗಲೂ ಇಲ್ಲ, ಬಯ್ಯಲೂ ಇಲ್ಲ. ‘ಸತ್ತೋನು ಒಪ್ಕೊಂಡಿದಾನೆ ಅಂತ ಟಿಕ್ ಹಾಕಿದ್ದೀಯಲ್ಲಯ್ಯ’ ಎಂದಷ್ಟೇ ಹೇಳಿ ಕಾಫಿ ತರಿಸಿದರು.

ಈ ಕತೆ ನನಗೆ ಇಪ್ಪತ್ತು ವರ್ಷ ನೆನಪಾಗಿರಲಿಲ್ಲ. ನೆನಪಾದದ್ದು 2020ರಲ್ಲಿ, ಸಿಂಗಪುರದಲ್ಲಿ, ಕಂಪ್ಯೂಟರ್ ಪರದೆಯ ಮುಂದೆ ಕೂತು ನಾನು ಮತ್ತೆ ಅದೇ ಟಿಕ್ ಹಾಕಿದ್ದೇನೆಂದು ಗೊತ್ತಾದ ದಿನ.

ನಾನು ಕೆಲಸ ಮಾಡುತ್ತಿದ್ದ ಕಂಪನಿ ಕಟ್ಟಡಗಳ ನಿರ್ವಹಣೆಯದು. ಲಿಫ್ಟು, ಪೈಪು, ಏರ್‌ಕಂಡೀಷನ್, ಬಣ್ಣ. ಆಫೀಸಿನಲ್ಲಿ ನಮ್ಮಂಥ ಕೆಲವು ಡಜನ್ ಜನ. ಸೈಟಿನಲ್ಲಿ ತಮಿಳುನಾಡು ಮತ್ತು ಬಾಂಗ್ಲಾದೇಶದಿಂದ ಬಂದ ಕೆಲವು ನೂರು ಕೆಲಸಗಾರರು. 2020ರ ಫೆಬ್ರುವರಿ 7ರಂದು ಸರ್ಕಾರ ರೋಗದ ಎಚ್ಚರಿಕೆಯ ಮಟ್ಟವನ್ನು ಹಳದಿಯಿಂದ ಕಿತ್ತಳೆಗೆ ಏರಿಸಿತು. ಆ ಸಂಜೆ ಇಡೀ ಊರು ಅಕ್ಕಿ, ನೂಡಲ್ಸು, ಟಾಯ್ಲೆಟ್ ಪೇಪರ್ ಖರೀದಿಗೆ ಅಂಗಡಿಗಳಿಗೆ ನುಗ್ಗಿತು. ನಾನೇನು ಬೇರೆ ಅಲ್ಲ. ಲಿಟಲ್ ಇಂಡಿಯಾದಲ್ಲಿ ರಾತ್ರಿ ಸಾಲು ನಿಂತು ಸೋನಾ ಮಸೂರಿಯ ಎರಡು ಮೂಟೆ ಹೊತ್ತು ತಂದೆ. ಅದನ್ನು ತಿಂದು ಮುಗಿಸುವ ಹೊತ್ತಿಗೆ ನುಸಿ ಬಿದ್ದಿತ್ತು.

ಮುಂದಿನ ವಾರ ನಮ್ಮ ಮುಖ್ಯಸ್ಥರು ಹೇಳಿದರು: ಜನ ಏನು ಯೋಚಿಸುತ್ತಿದ್ದಾರೆ, ಯಾವುದಕ್ಕೆ ಹೆದರುತ್ತಿದ್ದಾರೆ ಎಂದು ಪ್ರತಿ ಸೋಮವಾರ ಒಂದು ಪುಟದ ವರದಿ ಬೇಕು. ಗಿರಾಕಿಗಳು, ಸಿಬ್ಬಂದಿ, ಸೈಟಿನವರು, ಎಲ್ಲರದ್ದೂ. ಅದಕ್ಕಾಗಿ ಒಂದು ಸಾಫ್ಟ್‌ವೇರಿಗೆ ಚಂದಾ ಕಟ್ಟಿದರು. ಅದು ಫೇಸ್‌ಬುಕ್, ಟ್ವಿಟರ್, ಇನ್‌ಸ್ಟಾಗ್ರಾಂಗಳಲ್ಲಿ ಎಲ್ಲರಿಗೂ ಕಾಣುವಂತೆ ಬರೆದದ್ದನ್ನು ಹೆಕ್ಕಿ, ಯಾವ ಪದ ಎಷ್ಟು ಸಲ ಬಂತು, ಆ ಬರಹದಲ್ಲಿ ಸಂತೋಷವಿದೆಯೋ ಸಿಟ್ಟಿದೆಯೋ ಎಂದು ಬಣ್ಣ ಬಳಿದು ಕೊಡುತ್ತಿತ್ತು. ಹಸಿರು ಅಂದರೆ ನೆಮ್ಮದಿ, ಕೆಂಪು ಅಂದರೆ ಆತಂಕ. ಅಂಕಿಗಳಿರುವ ಕೆಲಸ ಏನೇ ಬಂದರೂ ಅದು ಅಕೌಂಟೆಂಟನ ಮೇಜಿಗೇ ಬರುತ್ತದೆ. ಇದೂ ಬಂತು.

ಸುಳ್ಳು ಹೇಳಲಾರೆ, ಮೊದಮೊದಲು ಖುಷಿಯೇ ಆಯಿತು. ವರ್ಷವೆಲ್ಲ ಡೆಬಿಟ್ಟು ಕ್ರೆಡಿಟ್ಟು ನೋಡುವವನಿಗೆ ಇಡೀ ಊರಿನ ಮನಸ್ಸು ಗ್ರಾಫಿನಲ್ಲಿ ಏರಿಳಿಯುವುದನ್ನು ನೋಡುವ ಯೋಗ. ಮಾಸ್ಕು ಸಿಗುತ್ತಿಲ್ಲ ಎಂಬ ಗೆರೆ ಏರಿತು, ಇಳಿಯಿತು. ಏಪ್ರಿಲ್ 7ರಿಂದ ಸರ್ಕಿಟ್ ಬ್ರೇಕರ್ ಎಂಬ ನಿರ್ಬಂಧ ಬಂದಾಗ ಮಕ್ಕಳ ಮನೆಪಾಠದ ಗೆರೆ ಮೇಲೇರಿತು. ಏಪ್ರಿಲ್ 21ರಂದು ಬಬಲ್ ಟೀ ಅಂಗಡಿಗಳನ್ನೂ ಮುಚ್ಚಬೇಕೆಂದು ಆದೇಶವಾದಾಗ ಎದ್ದ ಗೆರೆಯನ್ನು ನೀವು ನೋಡಬೇಕಿತ್ತು. ಕೊನೆಯ ಲೋಟಕ್ಕಾಗಿ ಜನ ಸಾಲುಗಟ್ಟಿದ ಚಿತ್ರಗಳೇ ಚಿತ್ರಗಳು. ಯಂತ್ರಕ್ಕೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ತಮಿಳು, ಬಂಗಾಳಿ, ಕನ್ನಡಗಳನ್ನು ಅದು ಪಕ್ಕಕ್ಕೆ ಎತ್ತಿಡುತ್ತಿತ್ತು. ‘ಯಾವ ತೊಂದರೆಯೂ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದರೆ ‘ತೊಂದರೆ’ ಎಂಬ ಪದ ಹಿಡಿದು ಕೆಂಪು ಬಳಿಯುತ್ತಿತ್ತು. ‘ವಾಹ್, ಎಂಥ ಅದ್ಭುತ ವ್ಯವಸ್ಥೆ!’ ಎಂದು ಯಾರಾದರೂ ಹಲ್ಲು ಕಡಿದು ಬರೆದರೆ ಹಸಿರು.

ಮಾರ್ಚ್ ಕೊನೆಯ ಸೋಮವಾರದ ವರದಿ ಈಗಲೂ ನನ್ನ ಹತ್ತಿರ ಇದೆ. ಗಿರಾಕಿಗಳ ಸಾಲಿನಲ್ಲಿ ನಾಲ್ಕು ವಿಷಯ, ಆಫೀಸಿನವರ ಸಾಲಿನಲ್ಲಿ ಐದು. ‘ಸೈಟ್ ಕೆಲಸಗಾರರು’ ಎಂಬ ಸಾಲಿನ ಎದುರು ನಾನು ಬರೆದದ್ದು: ‘ಗಮನಾರ್ಹ ಆತಂಕ ಇಲ್ಲ.’ ಬಣ್ಣ ಹಸಿರು.

ಏಪ್ರಿಲ್ 5ರಂದು ಸುಮಾರು 20,000 ಕೆಲಸಗಾರರಿದ್ದ ಎರಡು ಡಾರ್ಮಿಟರಿಗಳನ್ನು ಸರ್ಕಾರ ಪ್ರತ್ಯೇಕ ವಲಯವೆಂದು ಘೋಷಿಸಿ ಬಾಗಿಲು ಹಾಕಿತು. ಆಮೇಲೆ ಒಂದರ ಹಿಂದೆ ಒಂದು. ಒಂದು ಕೋಣೆಯಲ್ಲಿ ಹನ್ನೆರಡರಿಂದ ಇಪ್ಪತ್ತು ಜನ, ಎರಡಂತಸ್ತಿನ ಮಂಚಗಳು, ಸಾಲಿನ ಶೌಚಾಲಯ, ಸಾಲಿನ ಅಡುಗೆಮನೆ. ಅಲ್ಲಿ ಸೋಂಕು ಹರಡಬಹುದೆಂದು ವಲಸೆ ಕೆಲಸಗಾರರ ಪರವಾಗಿ ದುಡಿಯುವ ಸಂಸ್ಥೆಯೊಂದು ಮಾರ್ಚ್‌ನಲ್ಲಿಯೇ ಪತ್ರಿಕೆಗೆ ಬರೆದಿತ್ತು. ಅದು ಒಂದು ಪತ್ರ, ಒಂದು ಸಲ. ನನ್ನ ಯಂತ್ರದಲ್ಲಿ ಬಬಲ್ ಟೀಯ ಎದುರು ಅದು ಎಲ್ಲಿ ಕಾಣಬೇಕು? 2020ರ ಡಿಸೆಂಬರ್‌ನಲ್ಲಿ ಸರ್ಕಾರವೇ ಪ್ರಕಟಿಸಿದ ಲೆಕ್ಕ ಇದು: ಡಾರ್ಮಿಟರಿಗಳಲ್ಲಿದ್ದ ಸುಮಾರು 3,23,000 ಕೆಲಸಗಾರರಲ್ಲಿ 47 ಶೇಕಡ ಜನಕ್ಕೆ ಸೋಂಕು ತಗುಲಿತ್ತು. ಉಳಿದ ನಾಗರಿಕ ಸಮಾಜದಲ್ಲಿ ಅದು 0.25 ಶೇಕಡ ಎಂದು ಅಂದಾಜು. ಸಾವು ಬಹಳ ಕಡಿಮೆ. ಬಹುಪಾಲು ಎಳೆಯ ಪ್ರಾಯದವರು, ಚಿಕಿತ್ಸೆಯೂ ಸಿಕ್ಕಿತು. ಈ ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಒಂದೇ ಊರಿನ ಒಂದೇ ಆಕಾಶದ ಕೆಳಗೆ 47 ಮತ್ತು 0.25. ಇಂಥ ಎರಡು ಅಂಕಿಗಳು ಒಂದೇ ಬ್ಯಾಲೆನ್ಸ್ ಶೀಟಿನಲ್ಲಿ ಬಂದರೆ ಯಾವ ಆಡಿಟರಿಗೂ ನಿದ್ದೆ ಬರುವುದಿಲ್ಲ.

ಕೆಲಸಗಾರರೊಂದಿಗೆ ನಾನು ಮಾತಾಡುವಂತಾದದ್ದು ಕರುಣೆಯಿಂದಲ್ಲ, ಸಂಬಳದಿಂದ. ಕೆಲವರು ಕೈಗೇ ಸಂಬಳ ತೆಗೆದುಕೊಳ್ಳುತ್ತಿದ್ದರು. ಡಾರ್ಮಿಟರಿಗಳ ಬಾಗಿಲು ಮುಚ್ಚಿದ ಮೇಲೆ ಎಲ್ಲರಿಗೂ ಬ್ಯಾಂಕಿನ ಮೂಲಕವೇ ಕೊಡಬೇಕಾಯಿತು. ಒಬ್ಬೊಬ್ಬರಿಗೂ ಫೋನ್ ಮಾಡಿ ಖಾತೆಯ ಸಂಖ್ಯೆ ಬರೆದುಕೊಳ್ಳುವ ಕೆಲಸವನ್ನು, ಅಷ್ಟಿಷ್ಟು ತಮಿಳು ಬರುತ್ತದೆಂಬ ಕಾರಣಕ್ಕೆ, ನನ್ನ ತಲೆಗೆ ಕಟ್ಟಿದರು. ಮೊದಲ ದಿನ ಮಾತಾಡಿದವರಲ್ಲಿ ತಿರುವಾರೂರು ಕಡೆಯ ಒಬ್ಬ ಪ್ಲಂಬರ್ ಇದ್ದ. ಒಂಬತ್ತು ವರ್ಷದಿಂದ ಕಂಪನಿಯಲ್ಲಿದ್ದವನು. ನಮ್ಮ ಆಫೀಸಿನ ನಲ್ಲಿಯನ್ನೂ ರಿಪೇರಿ ಮಾಡಿಕೊಟ್ಟಿದ್ದ. ಖಾತೆಯ ವಿವರ ಮುಗಿದ ಮೇಲೆ ಫೋನ್ ಇಡುವ ಮೊದಲು ಸುಮ್ಮನೆ ಕೇಳಿದೆ, ‘ಈ ತಿಂಗಳು ಮನೆಗೆ ದುಡ್ಡು ಹೋಯಿತಾ?’

ಅವನು ಇಪ್ಪತ್ತೈದು ನಿಮಿಷ ಮಾತಾಡಿದ.

ಅವನಿಗೆ ರೋಗದ ಹೆದರಿಕೆ ಅಷ್ಟಾಗಿ ಇರಲಿಲ್ಲ. ಹಣ ಕಳಿಸುವ ಅಂಗಡಿ ಲಿಟಲ್ ಇಂಡಿಯಾದಲ್ಲಿ, ಇವನು ಬೀಗದೊಳಗೆ. ಊರಿನಲ್ಲಿ ತಂಗಿಯ ಮದುವೆಗೆ ಮಾಡಿದ ಸಾಲದ ಬಡ್ಡಿಗೆ ಲಾಕ್‌ಡೌನ್ ಗೊತ್ತಿಲ್ಲ. ಊಟದ ಪೊಟ್ಟಣ ಬರುತ್ತದೆ, ತಣ್ಣಗಿರುತ್ತದೆ, ಪರವಾಗಿಲ್ಲ. ಪಕ್ಕದ ಮಂಚದವನನ್ನು ರಾತ್ರಿ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು, ಎಲ್ಲಿಗೆಂದು ಯಾರೂ ಹೇಳಲಿಲ್ಲ, ಅವನ ಚಪ್ಪಲಿ ಇನ್ನೂ ಮಂಚದ ಕೆಳಗಿದೆ. ಎಲ್ಲಕ್ಕಿಂತ ದೊಡ್ಡ ಹೆದರಿಕೆ: ಕಂಪನಿ ಮುಳುಗಿದರೆ ಪರ್ಮಿಟ್ ರದ್ದಾಗಿ ವಾಪಸ್ ಹೋಗಬೇಕಾ ಸಾರ್?

ನನಗೆ ಒಂದು ಅನುಮಾನ ಉಳಿದಿತ್ತು. ನಮ್ಮ ಸಾಫ್ಟ್‌ವೇರು ಅವನ ಒಂದು ಪೋಸ್ಟನ್ನು ಹೆಕ್ಕಿತ್ತು. ಹೆಸರು ಗೊತ್ತಿದ್ದುದರಿಂದ ನನ್ನ ಕಣ್ಣಿಗೆ ಬಿದ್ದಿತ್ತು. ಊಟದ ಪೊಟ್ಟಣ ಹಿಡಿದು ನಗುತ್ತಿರುವ ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ ‘ಸೂಪರ್ ಹ್ಯಾಪಿ’. ಹಸಿರು ಬಣ್ಣಕ್ಕೆ ಅದೂ ಒಂದು ಆಧಾರ. ‘ಮತ್ತೆ ಫೇಸ್‌ಬುಕ್‌ನಲ್ಲಿ ಖುಷಿಯಾಗಿದೀನಿ ಅಂತ ಹಾಕಿದ್ಯಲ್ಲ?’ ಎಂದೆ.

‘ಅದು ಅಮ್ಮನಿಗೆ ಸಾರ್’ ಅಂದ.

ನಾನು ಆ ಫೋಟೋ ನೋಡಿದ್ದು ಅವನಿಗೆ ಬೇಜಾರಾಯಿತೇ ಎಂದು ಆಮೇಲೆ ಯೋಚಿಸಿದೆ. ಅವನ ದನಿಯಲ್ಲಿ ಬೇಜಾರಿರಲಿಲ್ಲ. ಸ್ವಲ್ಪ ನಾಚಿಕೆ ಇತ್ತು. ತಾಯಿಗೆಂದು ಹೇಳಿದ ಸುಳ್ಳನ್ನು ಆಫೀಸಿನವರು ಸಾಕ್ಷ್ಯವೆಂದು ಓದಿಕೊಂಡರೆ ಯಾರಿಗೆ ತಾನೆ ನಾಚಿಕೆಯಾಗದು? ನಾಚಬೇಕಾದವರು ಯಾರು ಎಂಬುದು ಬೇರೆ ಪ್ರಶ್ನೆ.

ಆ ರಾತ್ರಿಯೇ ನನಗೆ ತಿಪಟೂರಿನ ಷಟರ್ ನೆನಪಾದದ್ದು. ನಾವು ಮಾಡುತ್ತಿದ್ದುದು ಎರಡನೆಯ ಬಗೆಯ ಪತ್ರದ ಕೆಲಸವೇ. ಅಷ್ಟೂ ಅಲ್ಲ, ಇಲ್ಲಿ ಪತ್ರವನ್ನೂ ಹಾಕಿರಲಿಲ್ಲ. ಯಾರನ್ನೂ ಏನೂ ಕೇಳದೆ, ಅವರು ದೂರಲಿಲ್ಲವಾದ್ದರಿಂದ ದೂರಿಲ್ಲ ಎಂದು ಬರೆದಿದ್ದೆವು. ಈಗ ಲೆಕ್ಕಪರಿಶೋಧನೆಯಲ್ಲಿ ಇದಕ್ಕೆ 505 ಎಂಬ ಸಂಖ್ಯೆಯ ಮಾನದಂಡವೇ ಇದೆ. ಉತ್ತರ ಬಾರದಿದ್ದರೆ ಒಪ್ಪಿಗೆ ಎಂಬ ಪದ್ಧತಿಯನ್ನು ಎಲ್ಲೆಂದರಲ್ಲಿ ಬಳಸುವಂತಿಲ್ಲ. ತಪ್ಪಿನ ಅಪಾಯ ಕಡಿಮೆ ಇರಬೇಕು, ಬಾಕಿಗಳು ಸಣ್ಣವಿದ್ದು ಒಂದೇ ತೆರನಾಗಿರಬೇಕು, ಪತ್ರ ತಲುಪಿದವರು ಅದನ್ನು ಕಡೆಗಣಿಸುತ್ತಾರೆಂದು ನಂಬಲು ಕಾರಣವಿರಬಾರದು. ಒಂದು ಗೋಣಿಚೀಲದ ಬಾಕಿಗೆ ಇಷ್ಟು ಎಚ್ಚರ ಬೇಕೆನ್ನುವ ನಾವು ಮನುಷ್ಯರ ಭಯದ ವಿಷಯದಲ್ಲಿ ಎಷ್ಟು ಧಾರಾಳಿಗಳು!

ಅಕೌಂಟೆಂಟನ ಇನ್ನೊಂದು ಪಾಠವನ್ನೂ ಇಲ್ಲಿ ಹೇಳಬೇಕು. ಪುಸ್ತಕದಲ್ಲಿ ಬರೆದದ್ದು ನಿಜವೇ ಎಂದು ನೋಡುವುದು ಸುಲಭ. ಬರೆದದ್ದರ ಮೇಲೆ ಬೆರಳಿಟ್ಟು ಬಿಲ್ಲು ತೋರಿಸಿ ಎನ್ನಬಹುದು. ಬರೆಯದೇ ಬಿಟ್ಟದ್ದು ಏನಾದರೂ ಇದೆಯೇ ಎಂದು ನೋಡುವುದು ಕಷ್ಟ. ಇಲ್ಲದ ಸಾಲಿನ ಮೇಲೆ ಬೆರಳು ಎಲ್ಲಿಡುವುದು? ಸಾಮಾಜಿಕ ಜಾಲತಾಣ ಮೊದಲನೆಯದಕ್ಕೆ ಒಳ್ಳೆಯ ಪುಸ್ತಕ. ಎರಡನೆಯದಕ್ಕೆ ಅದು ಪುಸ್ತಕವೇ ಅಲ್ಲ.

ಇದು ಹೊಸ ಕಾಯಿಲೆಯೂ ಅಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷರ ಚುನಾವಣೆಯ ಮೊದಲು ಸುಮಾರು ಒಂದು ಕೋಟಿ ಜನಕ್ಕೆ ಮಾದರಿ ಮತಪತ್ರ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದದ್ದು ರೂಸ್ವೆಲ್ಟ್, 48 ರಾಜ್ಯಗಳಲ್ಲಿ 46. ವಿಳಾಸಗಳನ್ನು ಅವರು ಹೆಚ್ಚಾಗಿ ತೆಗೆದುಕೊಂಡದ್ದು ಫೋನು ಮತ್ತು ಕಾರು ಇದ್ದವರ ಪಟ್ಟಿಗಳಿಂದ, ಅದೂ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಉತ್ತರ ಬರೆಯುವ ಉಮೇದು ಇದ್ದವರು ಬೇರೆ, ಇಲ್ಲದವರು ಬೇರೆ ಎಂಬುದೂ ಸೇರಿಕೊಂಡಿತು. ಇನ್ನೂ ಹತ್ತಿರದ ಉದಾಹರಣೆ ಗೂಗಲ್‌ನದು. 2008ರಲ್ಲಿ ಅವರು ಜನ ಹುಡುಕುವ ಪದಗಳಿಂದಲೇ ಫ್ಲೂ ಜ್ವರದ ಹರಡುವಿಕೆಯನ್ನು ಅಂದಾಜು ಮಾಡುವ ಒಂದು ವ್ಯವಸ್ಥೆ ತಂದರು. ಲೋಕವೆಲ್ಲ ಮೆಚ್ಚಿತು. 2012-13ರ ಚಳಿಗಾಲದಲ್ಲಿ ಅದರ ಅಂದಾಜು, ವೈದ್ಯರ ಬಳಿಗೆ ನಿಜವಾಗಿ ಬಂದವರ ಲೆಕ್ಕದ ಸುಮಾರು ಎರಡು ಪಟ್ಟಾಯಿತು. ಸುದ್ದಿ ನೋಡಿ ಹೆದರಿದವನೂ ‘ಫ್ಲೂ’ ಎಂದು ಹುಡುಕುತ್ತಾನೆ, ಜ್ವರ ಬಂದವನೂ ಹುಡುಕುತ್ತಾನೆ. ಜ್ವರ ಬಂದು ಮೇಲೇಳಲಾಗದವನು ಏನೂ ಹುಡುಕುವುದಿಲ್ಲ.

ಹಾಗಾದರೆ ಇಂಥ ಕೇಳಿಸಿಕೊಳ್ಳುವಿಕೆ ಬೇಡವೇ? ಇಲ್ಲಿ ನಾನು ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ: ಬೇಕು. 2020ರ ಫೆಬ್ರುವರಿಯಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆ ‘ಇನ್ಫೋಡೆಮಿಕ್’ ಎಂಬ ಪದ ಬಳಸಿ, ವೈರಸ್ಸಿನ ಜೊತೆಗೆ ಸುಳ್ಳುಸುದ್ದಿಯ ಪಿಡುಗೂ ಇದೆಯೆಂದಿತು. ಜನ ಯಾವ ಪ್ರಶ್ನೆ ಕೇಳುತ್ತಿದ್ದಾರೆ, ಯಾವ ಗಾಳಿಮಾತು ನಂಬುತ್ತಿದ್ದಾರೆ ಎಂದು ತಿಳಿಯಲು ಮುಂದೆ ಅವರೂ ಇಂಥ ಸಾಧನ ಕಟ್ಟಿದರು. 2020ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ 5ಜಿ ಗೋಪುರಗಳಿಂದ ಕೊರೊನಾ ಹರಡುತ್ತದೆಂದು ನಂಬಿ ಗೋಪುರಗಳಿಗೆ ಬೆಂಕಿ ಹಚ್ಚಿದರಲ್ಲ, ಅಂಥ ಹೊಗೆಯನ್ನು ಮೊದಲೇ ಕಂಡವನಿಗೆ ಬಕೆಟ್ ಹಿಡಿಯಲು ಸಮಯ ಸಿಗುತ್ತದೆ.

2021ರ ಏಪ್ರಿಲ್, ಮೇ ತಿಂಗಳನ್ನು ನಾವು ಹೊರನಾಡಿನವರು ಮರೆಯಲಾರೆವು. ನಮ್ಮ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ಮಧ್ಯರಾತ್ರಿ ದಾಟುವ ತನಕ ಕೂತು ಟ್ವಿಟರ್‌ನಲ್ಲಿ ಬರುತ್ತಿದ್ದ ಕರೆಗಳನ್ನು ನೋಡುತ್ತಿದ್ದೆವು: ರಾಜಾಜಿನಗರ, ವಯಸ್ಸು 58, ಆಮ್ಲಜನಕ 82, ಬೆಡ್ ಬೇಕು, ಮಗನ ಫೋನ್ ನಂಬರ್ ಇದು. ನಾನೂ ಒಂದಿಬ್ಬರು ಗೆಳೆಯರೂ ಸಿಲಿಂಡರ್ ಕೊಡುತ್ತೇವೆಂದವರ ನಂಬರುಗಳಿಗೆ ಇಲ್ಲಿಂದಲೇ ಫೋನ್ ಮಾಡಿ ಸುಳ್ಳು ನಂಬರುಗಳನ್ನು ತೆಗೆದುಹಾಕುವ ಕೆಲಸ ಮಾಡಿದೆವು. ಕೆಲವರಿಗೆ ಸಿಕ್ಕಿತು. ಕೆಲವರಿಗೆ ಸಿಗುವ ಹೊತ್ತಿಗೆ ಮಗ ಫೋನ್ ಎತ್ತಿ ‘ಇನ್ನು ಬೇಡ’ ಎನ್ನುತ್ತಿದ್ದ. ಹೀಗೆ ಕಷ್ಟ ಹೇಳಿಕೊಳ್ಳುವವರ ಬಾಯಿ ಮುಚ್ಚಿಸಬಾರದೆಂದು ಸುಪ್ರೀಂ ಕೋರ್ಟು ಏಪ್ರಿಲ್ 30ರಂದು ಸ್ಪಷ್ಟವಾಗಿ ಹೇಳಿತು. ಆ ದಿನಗಳಲ್ಲಿ ನನ್ನ ಎಲ್ಲ ಅನುಮಾನಗಳನ್ನು ಮಡಚಿಟ್ಟಿದ್ದೆ. ಇಲ್ಲಿ ಜನ ತಾವಾಗಿ ಕೂಗುತ್ತಿದ್ದರು, ಕೇಳಿಸಿಕೊಳ್ಳಲಿ ಎಂದೇ ಕೂಗುತ್ತಿದ್ದರು.

ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ತೀರಿಕೊಂಡರು. ಆ ರಾತ್ರಿ ನಾನು ಎಚ್ಚರವಿದ್ದೆ. ನನ್ನ ಪರದೆಯ ತುಂಬ ಬೆಂಗಳೂರು. ಜಯನಗರ, ವೈಟ್‌ಫೀಲ್ಡ್, ಮಲ್ಲೇಶ್ವರ. ಚಾಮರಾಜನಗರ ಎಂಬ ಹೆಸರನ್ನು ನಾನು ನೋಡಿದ್ದು ಮರುದಿನ, ಸುದ್ದಿಯಲ್ಲಿ.

ಅಲ್ಲಿಯೂ ಯಾರಾದರೂ ಬರೆದಿದ್ದಿರಬಹುದು, ನನಗೆ ಕಾಣಲಿಲ್ಲ ಎಂದರೆ ಯಾರೂ ಬರೆಯಲಿಲ್ಲವೆಂದಲ್ಲ. ಆದರೂ ಈ ಮಾತು ನಿಜ: ಕೂಗಿಗೆ ಓಡುವ ವ್ಯವಸ್ಥೆ, ಗಂಟಲು ಗಟ್ಟಿಯಿದ್ದವರ ಕಡೆಗೆ ಮೊದಲು ಓಡುತ್ತದೆ. ಫಾಲೋವರ್ಸ್ ಎಂಬುದೂ ಒಂದು ಗಂಟಲೇ. ಒಬ್ಬ ನಟನೋ ಪತ್ರಕರ್ತನೋ ಹಂಚಿಕೊಂಡರೆ ಬೆಡ್, ಇಲ್ಲವಾದರೆ ಇಲ್ಲ ಎಂಬಲ್ಲಿಗೆ ಬಂದರೆ ಅದು ನ್ಯಾಯವಲ್ಲ, ಶಿಫಾರಸು. ಹಿಂದಿನ ವರ್ಷವಷ್ಟೇ ಕರ್ನಾಟಕದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಮನೆಯಲ್ಲಿ ವಯಸ್ಸಾದವರು ಯಾರು, ಸಕ್ಕರೆ ಕಾಯಿಲೆ ಯಾರಿಗೆ, ಬಸುರಿ ಯಾರು ಎಂದು ಬರೆದುಕೊಂಡು ಬಂದಿದ್ದರು. ಬಾಗಿಲು ತಟ್ಟುವ ಕ್ರಮದಲ್ಲಿ ಮಾತು ಬಾರದವನ ಮನೆಯೂ ಒಂದು ಮನೆ. ಅದೇ ಜುಲೈನಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಮುಷ್ಕರ ಹೂಡಬೇಕಾಯಿತು. ನಮ್ಮ ಸಾಫ್ಟ್‌ವೇರಿನ ಚಂದಾ ಎಷ್ಟಿತ್ತೆಂದು ನಾನು ಇಲ್ಲಿ ಬರೆಯುವುದಿಲ್ಲ.

ಇನ್ನು ಅನುಮತಿಯ ಪ್ರಶ್ನೆ. ಬಹಿರಂಗವಾಗಿ ಬರೆದದ್ದನ್ನು ಓದಲು ಯಾರ ಅಪ್ಪಣೆ ಬೇಕು ಎಂದು ಕೇಳುವವರಿದ್ದಾರೆ. ಬಾವಿಕಟ್ಟೆಯಲ್ಲಿ ಆಡುವ ಮಾತೂ ಬಹಿರಂಗವೇ. ಕಿವಿಗೆ ಬಿದ್ದರೆ ತಪ್ಪಿಲ್ಲ, ಕಂಬದ ಹಿಂದೆ ನಿಂತು ಬರೆದುಕೊಂಡರೆ ತಪ್ಪು. ಮಾತು ಯಾವ ಕೆಲಸಕ್ಕೆಂದು ಹೊರಟಿತೋ ಆ ಕೆಲಸಕ್ಕೇ ಬಳಕೆಯಾಗಬೇಕೆಂಬ ಒಂದು ಅಲಿಖಿತ ಕರಾರು ಇರುತ್ತದೆ. ಸಿಂಗಪುರದಲ್ಲಿ 2020ರ ಮಾರ್ಚ್ 20ರಂದು ಬಂದ ಟ್ರೇಸ್‌ಟುಗೆದರ್ ಆ್ಯಪ್ ಸೋಂಕಿತರ ಸಂಪರ್ಕ ಪತ್ತೆಗೆ ಮಾತ್ರ ಎಂದು ಹೇಳಿದ್ದರು. ನಂಬಿ ಹಾಕಿಕೊಂಡೆವು. 2021ರ ಜನವರಿಯಲ್ಲಿ, ಅಪರಾಧ ತನಿಖೆಗೆ ಪೊಲೀಸರು ಆ ಮಾಹಿತಿ ಪಡೆಯಬಹುದೆಂದು ಸಂಸತ್ತಿನಲ್ಲಿ ತಿಳಿಯಿತು. ಸದಾ ಶಾಂತವಾಗಿರುವ ಈ ಊರೂ ಮುಖ ಸಿಂಡರಿಸಿತು. ಫೆಬ್ರುವರಿಯಲ್ಲಿ ಕಾನೂನು ತಂದು ಏಳು ಬಗೆಯ ಘೋರ ಅಪರಾಧಗಳಿಗೆ ಮಾತ್ರವೆಂದು ಮಿತಿ ಹಾಕಿದರು. ನನಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ, ಆದರೂ ಆ ವಾರ ಫೋನು ಜೇಬಿನಲ್ಲಿ ಭಾರವೆನಿಸಿತು.

ಆದರೆ ನನ್ನ ಈ ಬಾವಿಕಟ್ಟೆಯ ನಿಯಮವನ್ನು ನಾನೇ ಮುರಿದೆ. ಅದನ್ನೂ ಬರೆಯಬೇಕು.

ನಮ್ಮಮ್ಮ ತಿಪಟೂರಿನಲ್ಲಿ ಒಬ್ಬರೇ ಇರುತ್ತಾರೆ. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಒಂದು ದೇವರ ಚಿತ್ರ ಹಾಕುತ್ತಾರೆ. 2021ರ ಮೇ ತಿಂಗಳಲ್ಲಿಯೂ ಒಂದು ದಿನ ತಪ್ಪಲಿಲ್ಲ. ನಾನು ದಿನಾ ಸಂಜೆ ಫೋನ್ ಮಾಡಿ ‘ಚೆನ್ನಾಗಿದೀಯಾ ಅಮ್ಮ?’ ಎನ್ನುತ್ತಿದ್ದೆ. ‘ಹೂಂ ಕಣಪ್ಪ, ನೀವು ಹುಷಾರು’ ಎನ್ನುತ್ತಿದ್ದರು. ಅವರ ಬ್ಯಾಂಕ್ ಖಾತೆ ನಮ್ಮಿಬ್ಬರ ಹೆಸರಿನಲ್ಲಿದೆ. ಮೆಸೇಜುಗಳು ನನ್ನ ಭಾರತದ ನಂಬರಿಗೆ ಬರುತ್ತವೆ. ಒಂದು ಮಧ್ಯಾಹ್ನ ಮೀಟಿಂಗಿನಲ್ಲಿದ್ದಾಗ ಬಂತು: ತುಮಕೂರಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಎರಡೂವರೆ ಸಾವಿರ ರೂಪಾಯಿ.

ಪುಸ್ತಕದಲ್ಲಿ ಬರೆಯದ ಸಾಲಗಳನ್ನು ಹಿಡಿಯುವ ನಮ್ಮ ಹಳೆಯ ಉಪಾಯ ಅದೇ. ವರ್ಷ ಮುಗಿದ ಮೇಲೆ ಹೊರಗೆ ಹೋದ ಹಣ ನೋಡು, ಯಾವುದಕ್ಕೆಂದು ಕೇಳು. ಲಾಕ್‌ಡೌನಿನಲ್ಲಿ ತಿಪಟೂರಿನಿಂದ ತುಮಕೂರಿಗೆ ಹೋಗಿ ಅರವತ್ತೊಂಬತ್ತು ವರ್ಷದ ಹೆಂಗಸು ಏನು ಸ್ಕ್ಯಾನ್ ಮಾಡಿಸುತ್ತಾಳೆ? ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದೆ. ಒಂದೆರಡು ಸಲ ತಡವರಿಸಿ ಹೇಳಿದ: ಅಮ್ಮನಿಗೆ ಪಾಸಿಟಿವ್ ಬಂದು ಎಂಟು ದಿನ. ಎದೆಯ ಸ್ಕ್ಯಾನ್ ಮಾಡಿಸಿದ್ದಾರೆ, ಅಷ್ಟೇನೂ ಹೆಚ್ಚಾಗಿಲ್ಲ, ಮಾತ್ರೆ ಸಾಕೆಂದಿದ್ದಾರೆ. ನಿನಗೆ ಹೇಳಬೇಡ ಅಂದಿದ್ರು, ವಿಮಾನ ಇಲ್ಲ ಏನಿಲ್ಲ, ಅಲ್ಲಿ ಕೂತು ಒದ್ದಾಡ್ತಾನೆ ಅಂತ.

ಅಮ್ಮನಿಗೆ ಫೋನ್ ಮಾಡಿ ರೇಗಿದೆ. ಅವರು ಕೆಮ್ಮು ತಡೆದುಕೊಂಡು ಪೂರ್ತಿ ಕೇಳಿಸಿಕೊಂಡು, ಮೊದಲು ಕೇಳಿದ್ದು: ‘ನನ್ನ ಪಾಸ್‌ಬುಕ್ ನೋಡ್ತಾ ಕೂತಿದ್ಯೇನೋ?’

‘ನೀನು ಹೇಳಿದ್ದಿದ್ರೆ ಯಾಕೆ ನೋಡ್ತಿದ್ದೆ?’

‘ನೀನು ಕೇಳಿದ್ದಿದ್ರೆ ಹೇಳ್ತಿದ್ದೆ.’

‘ದಿನಾ ಕೇಳ್ತಿದ್ನಲ್ಲಮ್ಮ, ಚೆನ್ನಾಗಿದೀಯಾ ಅಂತ!’

‘ಅದು ಕೇಳೋದಾ? ಅದು ಹೇಳ್ಕೊಡೋದು. ಕ್ಲಾಸಲ್ಲಿ ನಾವು ಮಕ್ಕಳಿಗೆ ಅರ್ಥ ಆಯ್ತಾ ಅಂದ್ರೆ ಎಲ್ರೂ ಹೂಂ ಅಂತಿದ್ರು’ ಎಂದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವರು ಗುಣವಾದರು. ನಾನು ನೋಡಿದ್ದು ತಪ್ಪೇ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಬ್ಯಾಂಕಿನ ಮೆಸೇಜು ತಾನಾಗಿ ಬಂತು, ನಾನು ಕಂಬದ ಹಿಂದೆ ನಿಂತಿರಲಿಲ್ಲ ಎಂದು ವಾದಿಸಬಹುದು. ಅಮ್ಮನ ಮಟ್ಟಿಗೆ ಅದು ವಾದವಲ್ಲ. ತನ್ನ ಕಷ್ಟವನ್ನು ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂದು ತೀರ್ಮಾನಿಸುವುದು ತನಗುಳಿದ ಒಂದೇ ಯಜಮಾನಿಕೆ ಎಂದು ಅವರು ತಿಳಿದಿದ್ದರು. ನಾನು ಅದನ್ನು ಕಿತ್ತುಕೊಂಡಿದ್ದೆ. ತಿರುವಾರೂರಿನವನೂ ತನ್ನ ತಾಯಿಯ ಎದುರು ಅದೇ ಯಜಮಾನಿಕೆಯನ್ನು ಕಾಯ್ದುಕೊಂಡಿದ್ದ. ಹಾಗೆಂದು ನೋಡದೇ ಇದ್ದಿದ್ದರೆ, ಸ್ಕ್ಯಾನಿನಲ್ಲಿ ಬೇರೇನಾದರೂ ಬಂದಿದ್ದರೆ? ಕಾಳಜಿಯೂ ಕಣ್ಗಾವಲೂ ಒಂದೇ ಕಿಟಕಿಯಲ್ಲಿ ನಿಂತು ನೋಡುತ್ತವೆ. ಒಂದು ವ್ಯತ್ಯಾಸ ಮಾತ್ರ ನನಗೆ ಕಾಣುತ್ತದೆ. ನೋಡಿದ ಮೇಲೆ ಫೋನ್ ಮಾಡಿ ಬೈಸಿಕೊಂಡವನು ಒಬ್ಬ, ನೋಡಿ ಬಣ್ಣ ಬಳಿದು ಸೋಮವಾರದ ವರದಿಗೆ ಸೇರಿಸಿದವನು ಇನ್ನೊಬ್ಬ. ನಾನು ಎರಡೂ ಆಗಿದ್ದೇನೆ.

ಆಫೀಸಿನಲ್ಲಿ ವರದಿ ನಿಲ್ಲಲಿಲ್ಲ, ಈಗಲೂ ನಡೆಯುತ್ತಿದೆ. ರೋಗ ಹೋಗಿ ಗಿರಾಕಿಗಳ ಮನಸ್ಸು ಎಂದಾಗಿದೆ. 2020ರ ಮೇ ತಿಂಗಳ ಹಾಳೆಯಿಂದ ನಾನು ಅದಕ್ಕೊಂದು ಕಾಲಂ ಸೇರಿಸಿದೆ: ‘ಎಷ್ಟು ಜನರನ್ನು ನೇರವಾಗಿ ಕೇಳಿದ್ದೇವೆ’. ಮೊದಲ ವಾರ ಸೈಟಿನವರ ಸಾಲಿನಲ್ಲಿ 31 ಎಂದು ಬರೆದೆ, ಸಂಬಳದ ಫೋನುಗಳ ಪುಣ್ಯ. ಉಳಿದ ಸಾಲುಗಳಲ್ಲೆಲ್ಲ ಸೊನ್ನೆ. ಮುಖ್ಯಸ್ಥರು ನೋಡಿ, ‘ಇಷ್ಟು ಸೊನ್ನೆ ಇದ್ದರೆ ಮೇಲಿನವರಿಗೆ ಚೆನ್ನಾಗಿ ಕಾಣಲ್ಲ, ತೆಗೆದುಬಿಡಿ’ ಎಂದರು. ಒಳ್ಳೆಯವರೇ ಅವರು, ಆ ತಿಂಗಳು ಕೆಲಸಗಾರರ ಹಣ ಊರಿಗೆ ಕಳಿಸುವ ವ್ಯವಸ್ಥೆಗೆ ಒಂದೇ ಮಾತಿಗೆ ಸಹಿ ಹಾಕಿದ್ದರು. ನಾನು ಕಾಲಂ ತೆಗೆಯಲಿಲ್ಲ, ಎಕ್ಸೆಲ್‌ನಲ್ಲಿ ಹೈಡ್ ಮಾಡಿದೆ. ಪ್ರಿಂಟಿನಲ್ಲಿ ಬರುವುದಿಲ್ಲ. ಪ್ರತಿ ಸೋಮವಾರ ಫೈಲು ತೆರೆದಾಗ ಎಫ್ ಆದ ಮೇಲೆ ಎಚ್ ಇರುತ್ತದೆ. ನಡುವೆ ಏನಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ.